ದೂರದ ಸವಾರಿಗೆ ಎಂಥ ಸೈಕಲ್ಲು?

ಕೃಷ್ಣೆ, ಘಟಪ್ರಭೆಗಳ ನಡುವಿನ ಎರೆಯ ಸೀಮೆಗೆ ಸೈಕಲ್ಲು ಹೊಸತೇನಲ್ಲ. ಜಮಖಂಡಿಯ ಹಾಲಿನವನು, ಬನಹಟ್ಟಿಯ ನೇಕಾರ, ಮುಧೋಳದ ಶಾಲಾಮಾಸ್ತರ, ಬೀಳಗಿಯ ಅಂಚೆಯವ, ಇವರೆಲ್ಲರ ಬಾಳು ಒಂದು ಕಾಲಕ್ಕೆ ಎರಡು ಗಾಲಿಗಳ ಮೇಲೆಯೇ ಸಾಗಿತು. ಆ ಸೈಕಲ್ಲನ್ನು ಕೊಳ್ಳುವಾಗ ಅದರ ಚೌಕಟ್ಟು ಯಾವ ಲೋಹದ್ದೆಂದು ಯಾರೂ ವಿಚಾರಿಸಲಿಲ್ಲ. ವಿಚಾರಿಸುವ ಅಗತ್ಯವೂ ಇರಲಿಲ್ಲ. ಉಕ್ಕಲ್ಲದೆ ಬೇರೊಂದು ಪೇಟೆಗೆ ಬರುತ್ತಲೇ ಇರಲಿಲ್ಲ. ಆಯ್ಕೆಯೆಂದರೆ ಅಟ್ಲಾಸೋ, ಹೀರೋವೋ, ಹರ್ಕ್ಯುಲಿಸೋ ಎಂಬಷ್ಟೇ. ಬಣ್ಣವೂ ಬಹುಮಟ್ಟಿಗೆ ಕರಿದೇ.

ಇಂದು ಸೈಕಲ್ಲಿನ ಅಂಗಡಿಗೆ ಕಾಲಿಟ್ಟವನ ಪಾಡು ಬೇರೆ. ಮೋಟಾರುಗಾಡಿ ಬಂದ ಮೇಲೆ ಮೂಲೆ ಸೇರಿದ್ದ ಸೈಕಲ್ಲು ಈಚಿನ ವರ್ಷಗಳಲ್ಲಿ ವಿಹಾರದ ಸಾಧನವಾಗಿ ಮರಳಿ ಬಂದಿದೆ. ಬ್ಯಾಂಕಿನ ನೌಕರರು, ವೈದ್ಯರು, ವಕೀಲರು, ಕಾಲೇಜಿನ ತರುಣ ತರುಣಿಯರು ಭಾನುವಾರ ಬೆಳಕು ಹರಿಯುವ ಮುನ್ನವೇ ಮನೆಯಿಂದ ಹೊರಡುತ್ತಾರೆ. ಜಮಖಂಡಿಯನ್ನು ಬಿಟ್ಟು ಬನಹಟ್ಟಿ, ರಬಕವಿ, ಮಹಾಲಿಂಗಪುರ, ಮುಧೋಳ, ಬೀಳಗಿಗಳನ್ನು ಸುತ್ತಿ ಮತ್ತೆ ಜಮಖಂಡಿಯನ್ನು ಸೇರುವ ದಾರಿ ನೂರು ಕಿಲೋಮೀಟರಿಗೂ ಮಿಕ್ಕದ್ದು. ಇಂಥ ಸವಾರಿಯ ಹುಚ್ಚು ಹಿಡಿದವನಿಗೆ ಅಜ್ಜನ ಕಾಲದ ಇಪ್ಪತ್ತು ಕಿಲೋ ತೂಕದ ಸೈಕಲ್ಲು ಸಾಲದೆನಿಸುವುದು ಸಹಜ. ಹೊಸತನ್ನು ಕೊಳ್ಳಲು ಹೋದರೆ ಅಂಗಡಿಯವನು ಕೇಳುವ ಮೊದಲ ಪ್ರಶ್ನೆಯೇ ಗೊಂದಲಕ್ಕೆ ಕೆಡಹುತ್ತದೆ: ಉಕ್ಕೋ, ಅಲ್ಯೂಮಿನಿಯಮೋ, ಕಾರ್ಬನ್ನೋ?

ಪ್ರಶ್ನೆ ಹಗುರವಾದುದಲ್ಲ. ಸಾಧಾರಣ ಉಕ್ಕಿನ ಸೈಕಲ್ಲು ಕೆಲವು ಸಾವಿರ ರೂಪಾಯಿಗಳಿಗೆ ಸಿಕ್ಕಿದರೆ, ಅಲ್ಯೂಮಿನಿಯಮಿನದು ಹತ್ತಾರು ಸಾವಿರಕ್ಕೆ ಏರುತ್ತದೆ. ಕಾರ್ಬನ್ನಿನದು ಲಕ್ಷವನ್ನು ದಾಟಿ ಎಲ್ಲಿಗೆ ನಿಲ್ಲುವುದೋ ಹೇಳಲಾಗದು. ತಿಂಗಳ ಸಂಬಳದಲ್ಲಿ ಮಕ್ಕಳ ಶುಲ್ಕ, ಮನೆಯ ಸಾಲದ ಕಂತು ತೆಗೆದಿಡುವ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ. ಹಣಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಊರಿನಿಂದ ನಲವತ್ತು ಕಿಲೋಮೀಟರ್ ದೂರದ ಇಳಿಜಾರಿನಲ್ಲಿ ಚೌಕಟ್ಟು ಮುರಿದರೆ ಪೆಟ್ಟು ಬೀಳುವುದು ಸೈಕಲ್ಲಿಗಲ್ಲ, ಸವಾರನ ಮೈಗೆ.

ಪಂದ್ಯದವರ ಕಣ್ಣು, ವಿಹಾರದವರ ಕೈಚೀಲ

ಈ ಸೀಮೆಯಲ್ಲಿ ಗೊಂದಲ ಹೆಚ್ಚಾಗಲು ಒಂದು ವಿಶೇಷ ಕಾರಣವುಂಟು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳು ಕರ್ನಾಟಕದ ಸೈಕಲ್ ಪಟುಗಳ ತವರುಮನೆ. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವ ತನಕ ಇವೆರಡೂ ಒಂದೇ ಆಗಿದ್ದವು; ಸೈಕಲ್ಲಿನ ಒಲವು ಇಂದಿಗೂ ಒಂದೇ. ಇಲ್ಲಿನ ಕ್ರೀಡಾ ವಸತಿನಿಲಯಗಳಲ್ಲಿ, ನೆರೆಯ ಬೆಳಗಾವಿ ಜಿಲ್ಲೆಯ ಚಂದರಗಿಯ ಕ್ರೀಡಾಶಾಲೆಯಲ್ಲಿ ಬೆಳೆದ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪಂದ್ಯಗಳಲ್ಲಿ ಪದಕ ತಂದಿದ್ದಾರೆ. ಅವರಲ್ಲಿ ಬಹುಪಾಲು ಒಕ್ಕಲುಮಕ್ಕಳು. ಊರ ಜಾತ್ರೆಗಳಲ್ಲಿ ತೆರಬಂಡಿಯ ಜೊತೆಗೆ ಸೈಕಲ್ ಶರ್ಯತ್ತೂ ನಡೆಯುತ್ತದೆ. ಮೊದಲು ಬಂದವನ ಸೈಕಲ್ಲನ್ನು ಜನ ಮುಟ್ಟಿ ನೋಡುತ್ತಾರೆ.

ಹೀಗೆ ಮುಟ್ಟಿ ನೋಡಿದ ಸೈಕಲ್ಲೇ ಮನಸ್ಸಿನಲ್ಲಿ ನಿಲ್ಲುತ್ತದೆ. ಪಟು ಯಾವುದರ ಮೇಲೆ ಗೆದ್ದನೋ ಅದೇ ಉತ್ತಮವಾದದ್ದೆಂದು ಐವತ್ತು ವರ್ಷದ ಗೃಹಸ್ಥನೂ ಬಗೆಯುತ್ತಾನೆ. ಆದರೆ ಪಟುವಿನ ಪ್ರಯೋಜನವೇ ಬೇರೆ. ಅರ್ಧ ಗಾಲಿಯ ಅಂತರದಲ್ಲಿ ಸೋಲು ಗೆಲವು ನಿರ್ಧಾರವಾಗುವ ಕಡೆ ಅರ್ಧ ಕಿಲೋ ತೂಕಕ್ಕೂ ಬೆಲೆಯುಂಟು; ಅವನ ಹಿಂದೆ ಬಿಡಿಭಾಗಗಳನ್ನು ಹೊತ್ತ ಗಾಡಿ ಬರುತ್ತದೆ; ಅವನ ಸವಾರಿ ಎರಡು ಮೂರು ಗಂಟೆಗಳಲ್ಲಿ ಮುಗಿಯುತ್ತದೆ. ವಿಹಾರಿಯಾದರೋ ಏಳೆಂಟು ಗಂಟೆ ಸೀಟಿನ ಮೇಲೆ ಕೂರತಕ್ಕವನು. ಅವನ ಬೆನ್ನ ಹಿಂದೆ ಯಾವ ಗಾಡಿಯೂ ಬರುವುದಿಲ್ಲ.

ದೂರದ ಸವಾರಿಯ ನಿಜವಾದ ಲೆಕ್ಕ ಎಷ್ಟೆಂಬುದನ್ನು ಫ್ರಾನ್ಸಿನಲ್ಲಿ ಹುಟ್ಟಿ ಇಂದು ಭಾರತದಲ್ಲೂ ನಡೆಯುವ ಬ್ರೆವೆ ಎಂಬ ಸವಾರಿಗಳು ತೋರಿಸುತ್ತವೆ. 200 ಕಿಲೋಮೀಟರಿಗೆ ಹದಿಮೂರೂವರೆ ಗಂಟೆ, 300ಕ್ಕೆ 20 ಗಂಟೆ, 600ಕ್ಕೆ 40 ಗಂಟೆ: ಇದು ಅಲ್ಲಿನ ಕಟ್ಟಳೆ. ಅಂದರೆ ಊಟ, ವಿಶ್ರಾಂತಿ, ಪಂಚರು ಎಲ್ಲವೂ ಸೇರಿ ಗಂಟೆಗೆ ಹದಿನೈದು ಕಿಲೋಮೀಟರ್ ಸಾಗಿದರೆ ಸಾಕು. ಇಲ್ಲಿ ಮೊದಲು ಬಂದವನಿಗೆ ಬಹುಮಾನವಿಲ್ಲ; ಅವಧಿಯೊಳಗೆ ಮುಗಿಸಿದವರೆಲ್ಲರೂ ಸಮಾನರು. ಇವುಗಳ ಹಿರಿಯಣ್ಣನೆನಿಸಿದ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿ 1891ರಲ್ಲಿ ಪಂದ್ಯವಾಗಿ ಆರಂಭವಾಯಿತು. 1200 ಕಿಲೋಮೀಟರುಗಳ ಆ ದಾರಿಯನ್ನು ಶಾರ್ಲ್ ತೆರೋಂ ಎಂಬವನು ಮೂರು ಹಗಲು ಮೂರು ರಾತ್ರಿಗಳಲ್ಲಿ ಮುಗಿಸಿದ. ಅದು ಇಂದು ನಾಲ್ಕು ವರ್ಷಗಳಿಗೊಮ್ಮೆ ವಿಹಾರಿಗಳ ಸವಾರಿಯಾಗಿ ನಡೆಯುತ್ತದೆ. ಗರಿಷ್ಠ ಅವಧಿ 90 ಗಂಟೆ. 2023ರಲ್ಲಿ ನಡೆದಾಗ ಭಾರತದಿಂದಲೂ ಸವಾರರು ಹೋಗಿದ್ದರು.

ಹಳೆಯ ಉಕ್ಕಿನ ಕಥೆ

ಇಂದಿನ ಸೈಕಲ್ಲಿನ ಆಕಾರವನ್ನು ಕೊಟ್ಟವನು ಇಂಗ್ಲೆಂಡಿನ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ. 1885ರಲ್ಲಿ ಅವನು ಹೊರತಂದ ರೋವರ್ ಸೈಕಲ್ಲಿನಲ್ಲಿ ಎರಡು ಸಮಗಾತ್ರದ ಗಾಲಿಗಳಿದ್ದು ಹಿಂದಿನ ಗಾಲಿಗೆ ಸರಪಳಿಯ ಚಾಲನೆಯಿತ್ತು. ಅಲ್ಲಿಂದ ಕೆಲವೇ ವರ್ಷಗಳಲ್ಲಿ ಚೌಕಟ್ಟು ವಜ್ರಾಕೃತಿಗೆ ಬಂದು ನಿಂತಿತು. ಕೊಳವೆಯ ಎರಡು ತುದಿಗಳು ದಪ್ಪ, ನಡುವೆ ತೆಳು ಇರುವಂತೆ ಎಳೆಯುವ ವಿದ್ಯೆಗೆ ಬರ್ಮಿಂಗ್‌ಹ್ಯಾಮಿನ ರೆನಾಲ್ಡ್ಸ್ ಮನೆತನದವರು 1897ರಲ್ಲಿ ಹಕ್ಕುಪತ್ರ ಪಡೆದರು. ಜೋಡಣೆಯ ಕಡೆ ಒತ್ತಡ ಹೆಚ್ಚು, ಅಲ್ಲಿ ಲೋಹವೂ ಹೆಚ್ಚು. ನಡುವೆ ಒತ್ತಡ ಕಡಮೆ, ಅಲ್ಲಿ ಲೋಹವೂ ಕಡಮೆ. ಕೊಡಲಿಯ ಕಾವನ್ನು ಕೆತ್ತುವ ಬಡಿಗನಿಗೆ ಇದು ಮೊದಲೇ ಗೊತ್ತಿದ್ದ ನ್ಯಾಯವೆನ್ನಬೇಕು. ಅದೇ ಮನೆತನದವರು 1935ರಲ್ಲಿ ಹೊರತಂದ 531 ಎಂಬ ಮ್ಯಾಂಗನೀಸ್–ಮಾಲಿಬ್ಡಿನಂ ಉಕ್ಕು ಮುಂದಿನ ನಾಲ್ಕು ದಶಕಗಳ ಕಾಲ ಪಂದ್ಯದ ಸೈಕಲ್ಲುಗಳ ಜೀವಾಳವಾಯಿತು.

ಉಕ್ಕು ಭಾರವೆಂಬ ಮಾತು ಪೂರ್ಣ ಸತ್ಯವಲ್ಲವೆಂಬುದಕ್ಕೆ ಒಂದು ನಿದರ್ಶನ ಸಾಕು. 1972ರ ಅಕ್ಟೋಬರ್ 25ರಂದು ಬೆಲ್ಜಿಯಮಿನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ನಗರದಲ್ಲಿ ಒಂದು ಗಂಟೆಯಲ್ಲಿ 49.431 ಕಿಲೋಮೀಟರ್ ಸಾಗಿ ದಾಖಲೆ ಮಾಡಿದಾಗ ಅವನು ಏರಿದ್ದ ಉಕ್ಕಿನ ಸೈಕಲ್ಲು ಆರು ಕಿಲೋಗಿಂತ ಕಡಮೆ ತೂಗುತ್ತಿತ್ತು. ಅಂತರರಾಷ್ಟ್ರೀಯ ಸೈಕಲ್ ಒಕ್ಕೂಟವು 2000ದಿಂದ ಪಂದ್ಯದ ಸೈಕಲ್ಲು 6.8 ಕಿಲೋಗಿಂತ ಹಗುರವಾಗಿರಕೂಡದೆಂದು ವಿಧಿಸಿದೆ. ಆ ಲೆಕ್ಕದಲ್ಲಿ ಮರ್ಕ್ಸನ ಉಕ್ಕಿನ ಸೈಕಲ್ಲು ಇಂದಿನ ರಸ್ತೆಯ ಪಂದ್ಯಕ್ಕೆ ತೀರ ಹಗುರ! ಜಪಾನಿನಲ್ಲಿ 1948ರಿಂದ ನಡೆದುಬಂದಿರುವ ಕೆಯಿರಿನ್ ಎಂಬ ಪಣದ ಪಂದ್ಯದಲ್ಲಿ ವೃತ್ತಿಪರ ಪುರುಷರು ಇಂದಿಗೂ ಉಕ್ಕಿನ ಚೌಕಟ್ಟುಗಳನ್ನೇ ಏರುತ್ತಾರೆ.

ಭಾರತದಲ್ಲಿ ಉಕ್ಕಿನ ಸೈಕಲ್ಲು ಮನೆಮಾತಾದದ್ದು ಸ್ವಾತಂತ್ರ್ಯದ ಬಳಿಕ. ಮದರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ 1949ರಲ್ಲಿ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿ, ಲೂಧಿಯಾನದ ಹೀರೋ 1956ರಲ್ಲಿ ಕೆಲಸ ತೊಡಗಿದವು. ಇವುಗಳಲ್ಲಿ ಅಟ್ಲಾಸಿನ ಸಾಹಿಬಾಬಾದ್ ಕಾರಖಾನೆ 2020ರ ಜೂನ್ 3ರಂದು ಬಾಗಿಲು ಹಾಕಿತು. ಅಂದು ವಿಶ್ವ ಸೈಕಲ್ ದಿನವಾಗಿದ್ದುದು ವಿಧಿಯ ವಿನೋದ. ಆದರೆ ದೂರದ ಸವಾರಿಯ ಸಾಹಸ ಅದಕ್ಕೂ ಹಿಂದಿನದು. 1923ರ ಅಕ್ಟೋಬರಿನಲ್ಲಿ ಆರು ಮಂದಿ ಪಾರಸಿ ತರುಣರು ಮುಂಬಯಿಯಿಂದ ಲೋಕವನ್ನು ಸುತ್ತಲು ಹೊರಟರು. ಅವರಲ್ಲಿ ಆದಿ ಹಕೀಂ, ಜಾಲ್ ಬಾಪಸೋಲಾ, ರುಸ್ತುಂ ಭುಮ್‌ಗರಾ ಎಂಬ ಮೂವರು ಎಪ್ಪತ್ತು ಸಾವಿರ ಕಿಲೋಮೀಟರಿನಷ್ಟು ದಾರಿ ಸವೆಸಿ 1928ರಲ್ಲಿ ಮರಳಿದರು. ಮರುಭೂಮಿಯನ್ನೂ ಕಾಡನ್ನೂ ದಾಟಿದ ಆ ಸೈಕಲ್ಲುಗಳಲ್ಲಿ ಇಂದಿನ ಜಾಹೀರಾತು ಹೊಗಳುವ ಒಂದು ಗುಣವೂ ಇರಲಿಲ್ಲ.

ಉಕ್ಕೆಂದರೆ ಎಲ್ಲವೂ ಒಂದೇ ಅಲ್ಲವೆಂಬುದನ್ನು ಮಾತ್ರ ಮರೆಯಲಾಗದು. ಅಗ್ಗದ ಸೈಕಲ್ಲಿನ ಸಾಧಾರಣ ಉಕ್ಕಿನ ಕೊಳವೆಗೆ ಬಲ ಬರಬೇಕಾದರೆ ಅದು ದಪ್ಪವಿರಬೇಕು. ತೂಕ ಏರುವುದು ಅದರಿಂದಲೇ. ನೂರಕ್ಕೆ ಸುಮಾರು ಒಂದು ಪಾಲು ಕ್ರೋಮಿಯಮನ್ನೂ ಅದಕ್ಕೂ ಕಡಮೆ ಮಾಲಿಬ್ಡಿನಮನ್ನೂ ಬೆರೆಸಿದ ಕ್ರೋಮೋಲಿ ಎಂಬ ಉಕ್ಕು ಅದಕ್ಕಿಂತ ಎಷ್ಟೋ ಬಲವುಳ್ಳದ್ದು. ಇದರಿಂದ ಮಾಡಿದ ಒಳ್ಳೆಯ ಚೌಕಟ್ಟು ಎರಡು ಕಿಲೋ ಆಸುಪಾಸು ತೂಗುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಚೌಕಟ್ಟಿನ ತೂಕ ಒಂದೂವರೆ ಕಿಲೋ, ಕಾರ್ಬನ್ನಿನದು ಒಂದು ಕಿಲೋ ಎಂದಿಟ್ಟುಕೊಳ್ಳಬಹುದು. ಲಕ್ಷಗಟ್ಟಲೆ ಹಣದ ವ್ಯತ್ಯಾಸಕ್ಕೆ ಚೌಕಟ್ಟಿನಲ್ಲಿ ಸಿಕ್ಕುವ ಲಾಭ ಒಂದು ಕಿಲೋ.

ಆ ಒಂದು ಕಿಲೋ, ಗಾಲಿ ಮೊದಲಾದವುಗಳ ಉಳಿತಾಯವೂ ಸೇರಿ ಎರಡು ಕಿಲೋ, ಇದರ ಬೆಲೆಯನ್ನು ತೂಗಿ ನೋಡುವುದು ಕಷ್ಟವಲ್ಲ. ಎರಡು ಕಿಲೋ ಹೆಚ್ಚಿನ ಭಾರವನ್ನು ನೂರು ಮೀಟರ್ ಎತ್ತರಕ್ಕೆ ಏರಿಸಲು ಬೇಕಾದ ಶ್ರಮಕ್ಕೆ ಮನುಷ್ಯನ ದೇಹ ಖರ್ಚುಮಾಡುವ ಆಹಾರವು ಎರಡು ಕಿಲೋಕ್ಯಾಲೊರಿ. ಅದು ಮಹಾಲಿಂಗಪುರದ ಬೆಲ್ಲದಲ್ಲಿ ಅರ್ಧ ಗ್ರಾಮಿನಷ್ಟಾಯಿತು. ಇಡೀ ದಿನ ಸಾವಿರ ಮೀಟರ್ ಏರಿದರೂ ಐದು ಗ್ರಾಮು, ಎಂದರೆ ಒಂದು ಸಣ್ಣ ಚೂರು. ಈ ನಾಲ್ಕು ಊರುಗಳ ಬಯಲಿನಲ್ಲಿ ಅಷ್ಟು ಏರುವ ಪ್ರಸಂಗವೇ ವಿರಳ. ಪಶ್ಚಿಮಘಟ್ಟದ ಏರುಗಳನ್ನು ಹತ್ತುವವನಿಗೆ ಲೆಕ್ಕ ಸ್ವಲ್ಪ ಬೇರೆಯಾದೀತು. ಇಲ್ಲಿಯ ವಿಹಾರಿಯಂತೂ ಲಕ್ಷ ರೂಪಾಯಿ ಉಳಿಸಿ ಕರದಂಟು ಕಟ್ಟಿಕೊಂಡು ಹೊರಡುವುದು ಜಾಣತನ.

ಅಲ್ಯೂಮಿನಿಯಂ

ಅಲ್ಯೂಮಿನಿಯಮಿನ ತೂಕ ಉಕ್ಕಿನ ಮೂರರಲ್ಲೊಂದು ಪಾಲು. ಆದರೆ ಬಾಗದೆ ನಿಲ್ಲುವ ಬಿಗಿತವೂ ಮೂರರಲ್ಲೊಂದೇ ಪಾಲು. ಹಾಗಿದ್ದ ಮೇಲೆ ಲಾಭವೆಲ್ಲಿ ಬಂತು? ಗುಟ್ಟು ಕೊಳವೆಯ ಗಾತ್ರದಲ್ಲಿದೆ. ಗೋಡೆಯ ದಪ್ಪವನ್ನು ಹಾಗೆಯೇ ಇಟ್ಟು ಕೊಳವೆಯ ವ್ಯಾಸವನ್ನು ಇಮ್ಮಡಿಸಿದರೆ ತೂಕ ಎರಡರಷ್ಟಾಗುತ್ತದೆ, ಬಿಗಿತ ಎಂಟರಷ್ಟಾಗುತ್ತದೆ. ಅದಕ್ಕಾಗಿಯೇ ಅಲ್ಯೂಮಿನಿಯಂ ಸೈಕಲ್ಲಿನ ಕೊಳವೆಗಳು ತೋಳಿನಂತೆ ದಪ್ಪ, ಉಕ್ಕಿನವು ಬೆತ್ತದಂತೆ ಸಪೂರ. ತುಕ್ಕು ಹಿಡಿಯದಿರುವುದು, ಬೆಲೆ ಕೈಗೆಟಕುವುದು ಅಲ್ಯೂಮಿನಿಯಮಿನ ದೊಡ್ಡ ಗುಣಗಳು. ಇಂದು ಅಂಗಡಿಗಳಲ್ಲಿರುವ ಮಧ್ಯಮ ಬೆಲೆಯ ಸೈಕಲ್ಲುಗಳಲ್ಲಿ ಬಹುಪಾಲು ಇದರವೇ ಆಗಿರುವುದು ಸುಮ್ಮನೆ ಅಲ್ಲ.

ದೋಷವೊಂದುಂಟು. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಾಗಿಸುತ್ತಿದ್ದರೆ ಕೊನೆಗೆ ಅದು ತುಂಡಾಗುವುದನ್ನು ಎಲ್ಲರೂ ಬಲ್ಲರು. ಇದು ಲೋಹದ ದಣಿವು. ಉಕ್ಕಿನಲ್ಲಿ ಒತ್ತಡ ಒಂದು ಮಿತಿಗಿಂತ ಕೆಳಗಿದ್ದರೆ ಎಷ್ಟು ಸಲ ಅಲುಗಿದರೂ ಅದು ದಣಿಯುವುದಿಲ್ಲ. ಅಲ್ಯೂಮಿನಿಯಮಿಗೆ ಅಂಥ ಮಿತಿಯಿಲ್ಲ. ಸಣ್ಣ ಸಣ್ಣ ಅದುರುಗಳೂ ಅದರ ಲೆಕ್ಕದ ಪುಸ್ತಕದಲ್ಲಿ ಜಮೆಯಾಗುತ್ತಲೇ ಇರುತ್ತವೆ. ಇದನ್ನು ಕೇಳಿ ಹೆದರಬೇಕಾದುದಿಲ್ಲ. ಒಳ್ಳೆಯ ತಯಾರಕರು ಇದನ್ನು ತಿಳಿದೇ ಕೊಳವೆಗೆ ಬೇಕಾದಷ್ಟು ದಪ್ಪ ಕೊಡುತ್ತಾರೆ, ವಾರಕ್ಕೊಮ್ಮೆಯ ಸವಾರನಿಗೆ ಅದು ವರ್ಷಾನುಗಟ್ಟಲೆ ಬರುತ್ತದೆ. ಆದರೆ ಹದಿನೈದು ವರ್ಷ ಹಳೆಯದಾದ, ಯಾರು ಯಾರೋ ಏರಿದ ಅಲ್ಯೂಮಿನಿಯಂ ಚೌಕಟ್ಟನ್ನು ಅಗ್ಗವೆಂದು ಕೊಳ್ಳುವ ಮುನ್ನ ಬೆಸುಗೆಯ ಅಂಚುಗಳನ್ನು ಒಳ್ಳೆಯ ಬೆಳಕಿನಲ್ಲಿ ನೋಡಬೇಕು. ಕೂದಲೆಳೆಯಂಥ ಗೆರೆ ಕಂಡರೂ ಬೇಡವೆನ್ನಬೇಕು.

ಬಿರುಕು ಬಿಟ್ಟರೆ ಬೆಸೆಯಬಹುದಲ್ಲವೆ? ಇಲ್ಲಿಯೇ ತೊಡಕು. ರಿಪೇರಿಯ ಅಂಗಡಿಗಳಲ್ಲಿ ಕೇಳಿಬರುವ ಸಂಭಾಷಣೆ ಹೆಚ್ಚು ಕಡಮೆ ಹೀಗಿರುತ್ತದೆ:

“ಕಾಕಾ, ಇದಕ್ಕ ಬೆಸಿಗಿ ಹತ್ತತೈತೇನ್ರಿ?”

“ಕಬ್ಬಿಣ ಇದ್ರ ಹತ್ತತೈತಿ ತಮ್ಮಾ. ಇದು ಅಲ್ಯುಮಿನಿ ಐತಿ. ನಾ ಹಚ್ಚಿ ಕೊಡ್ತೀನಿ, ಆದ್ರ ಮ್ಯಾಲೆ ಕುಂತು ಹೋಗಂತ ಹೇಳೂದಿಲ್ಲ ನೋಡು.”

ಕಾಕಾನ ಮಾತು ಲೋಹಶಾಸ್ತ್ರಕ್ಕೆ ಒಪ್ಪುವಂಥದು. ಸೈಕಲ್ಲಿಗೆ ಬಳಸುವ ಅಲ್ಯೂಮಿನಿಯಂ ಮಿಶ್ರಲೋಹಗಳಿಗೆ ಬಲ ಬರುವುದು ಕಾರಖಾನೆಯ ಕುಲುಮೆಯಲ್ಲಿ ಅಳೆದು ಕೊಟ್ಟ ಕಾವಿನಿಂದ. ಮತ್ತೆ ಬೆಸೆದರೆ ಆ ಹದ ಕೆಡುತ್ತದೆ. ಬೆಸುಗೆಯ ಆಸುಪಾಸಿನ ಲೋಹ ಮೆತ್ತಗಾಗುತ್ತದೆ. ಇಡೀ ಚೌಕಟ್ಟನ್ನು ಪುನಃ ಕಾಸಿ ಹದಗೊಳಿಸುವ ಕುಲುಮೆ ತಾಲೂಕಿನ ಊರುಗಳಲ್ಲಿ ಎಲ್ಲಿಂದ ಬರಬೇಕು? ಉಕ್ಕಿನ ಚೌಕಟ್ಟಾದರೆ, ಅದರಲ್ಲೂ ಹಿತ್ತಾಳೆಯಿಂದ ಬೆಸೆದ ಹಳೆಯ ಬಗೆಯದಾದರೆ, ನೇಗಿಲು ಕುಂಟೆಗಳನ್ನು ಸರಿಪಡಿಸುವ ಕೈಯೇ ಅದನ್ನೂ ಮನೆ ಮುಟ್ಟುವಷ್ಟು ಸರಿಮಾಡೀತು. ತೆಳು ಕೊಳವೆಯ ಕ್ರೋಮೋಲಿಗೆ ಹೆಚ್ಚಿನ ನಾಜೂಕು ಬೇಕು, ನಿಜ.

ನೇಕಾರರಿಗೆ ತಿಳಿದ ವಿದ್ಯೆ

ಕಾರ್ಬನ್ ಚೌಕಟ್ಟಿನ ಮರ್ಮವನ್ನು ರಬಕವಿ ಬನಹಟ್ಟಿಯವರಿಗೆ ವಿವರಿಸುವುದು ಸುಲಭ, ಏಕೆಂದರೆ ಅದು ಲೋಹದ ವಿದ್ಯೆಯಲ್ಲ, ನೂಲಿನ ವಿದ್ಯೆ. ಇಂಗಾಲದ ಎಳೆಗಳು ಕೂದಲಿಗಿಂತಲೂ ಎಷ್ಟೋ ಸಪೂರ. ಅವನ್ನು ಸಾಲಾಗಿ ಜೋಡಿಸಿ ಇಲ್ಲವೆ ಬಟ್ಟೆಯಂತೆ ನೇಯ್ದು, ರಾಳದಲ್ಲಿ ತೋಯಿಸಿ, ಪದರದ ಮೇಲೆ ಪದರ ಹಾಸಿ, ಅಚ್ಚಿನಲ್ಲಿ ಒತ್ತಿ ಕಾಸಿದರೆ ಚೌಕಟ್ಟು ಸಿದ್ಧ. ಬಟ್ಟೆಯನ್ನು ಹಾಸಿನ ಗುಂಟ ಎಳೆದರೆ ಜಗ್ಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆದರೆ ಹಿಗ್ಗುತ್ತದೆ. ಕಾರ್ಬನ್ನಿನ ಬಲವೂ ಹಾಗೆಯೇ ಎಳೆಯ ದಿಕ್ಕಿಗೆ ಮಾತ್ರ. ಆದ್ದರಿಂದ ತಯಾರಕನು ಒಂದು ಪದರವನ್ನು ಉದ್ದಕ್ಕೆ, ಇನ್ನೊಂದನ್ನು ಓರೆಯಾಗಿ, ಮತ್ತೊಂದನ್ನು ಅಡ್ಡಕ್ಕೆ ಹಾಸಿ, ಎಲ್ಲಿ ಬಿಗಿ ಬೇಕೋ ಅಲ್ಲಿ ಬಿಗಿ, ಎಲ್ಲಿ ಬಳುಕು ಬೇಕೋ ಅಲ್ಲಿ ಬಳುಕು ತರಬಲ್ಲ. ಯಾವ ಲೋಹಕ್ಕೂ ಈ ಸೌಲಭ್ಯವಿಲ್ಲ. 1986ರಲ್ಲಿ ಅಮೆರಿಕದ ಗ್ರೆಗ್ ಲೆಮಾಂಡ್ ಕಾರ್ಬನ್ ಕೊಳವೆಗಳ ಸೈಕಲ್ಲನ್ನೇರಿ ಟೂರ್ ದ ಫ್ರಾನ್ಸ್ ಗೆದ್ದ. ಈಗ ಆ ಪಂದ್ಯದಲ್ಲಿ ಬೇರೆಯ ವಸ್ತು ಕಾಣುವುದೇ ಇಲ್ಲ.

ಮುಧೋಳದ ಬೇಟೆನಾಯಿಯನ್ನು ಕಂಡವರಿಗೆ ಕಾರ್ಬನ್ ಸೈಕಲ್ಲಿನ ಸ್ವಭಾವ ಅರ್ಥವಾದೀತು. ಸಪೂರ ದೇಹ, ಮಿಂಚಿನ ಓಟ. ಆದರೆ ಗಾಡಿ ಎಳೆಯಲು ಯಾರೂ ಬೇಟೆನಾಯಿಯನ್ನು ಸಾಕುವುದಿಲ್ಲ. ಅದಕ್ಕೆ ಕಿಲಾರಿ ಎತ್ತು ಇದೆ. ಕಾರ್ಬನ್ ಚೌಕಟ್ಟು ಸವಾರಿಯ ಒತ್ತಡವನ್ನು ಧಾರಾಳವಾಗಿ ತಾಳುತ್ತದೆ. ಕಲ್ಲಿನ ಪೆಟ್ಟು, ಬಸ್ಸಿನ ಮಾಳಿಗೆಯ ಮೇಲಿನ ಹಗ್ಗದ ಬಿಗಿತ, ಅತಿಯಾಗಿ ತಿರುಗಿಸಿದ ಸೀಟಿನ ಬೋಲ್ಟು ಇಂಥವು ಅದಕ್ಕೆ ಆಗಿಬರುವುದಿಲ್ಲ. ಉಕ್ಕು ಸಾಮಾನ್ಯವಾಗಿ ಬಾಗಿ, ಕಿರುಗುಟ್ಟಿ ಮುನ್ಸೂಚನೆ ಕೊಡುತ್ತದೆ. ಕಾರ್ಬನ್ ಹೊರಗೆ ನಯವಾಗಿಯೇ ಇದ್ದು ಒಳಗಿನ ಪದರಗಳು ಬಿಟ್ಟಿರಬಹುದು. ಮುಂದೊಂದು ದಿನ ಫಕ್ಕನೆ ಮುರಿಯಬಹುದು. ಒಡೆದುದನ್ನು ಸರಿಪಡಿಸಬಲ್ಲ ತಜ್ಞರು ದೊಡ್ಡ ನಗರಗಳಲ್ಲಿದ್ದಾರೆ. ಜಮಖಂಡಿಯಿಂದ ಅಲ್ಲಿಗೆ ಹೋಗಿ ಬರುವ ವೆಚ್ಚವನ್ನೂ ಬೆಲೆಗೆ ಸೇರಿಸಿಕೊಳ್ಳುವುದು ಒಳಿತು.

ಪಟುಗಳ ಸೀಮೆಯಾದ್ದರಿಂದ ಇಲ್ಲಿ ಇನ್ನೊಂದು ಎಚ್ಚರ ಬೇಕು. ಪಂದ್ಯದಲ್ಲಿ ದುಡಿದ ಕಾರ್ಬನ್ ಸೈಕಲ್ಲು ಕೈಯಿಂದ ಕೈಗೆ ಇಳಿದು ಅರ್ಧ ಬೆಲೆಗೆ ಬರುವುದುಂಟು. ಅದು ಎಷ್ಟು ಸಲ ಬಿದ್ದಿದೆಯೆಂಬುದನ್ನು ಮಾರುವವನೂ ಅರಿಯದಿರಬಹುದು. ಸಂತೆಯಲ್ಲಿ ಗಡಿಗೆ ಕೊಳ್ಳುವ ಗೃಹಿಣಿ ಬೆರಳಿನಿಂದ ಬಡಿದು ಕೇಳುವಂತೆ, ನಾಣ್ಯದಿಂದ ಚೌಕಟ್ಟನ್ನು ಉದ್ದಕ್ಕೂ ಮೆಲ್ಲಗೆ ತಟ್ಟಬೇಕು. ಎಲ್ಲೆಡೆಯೂ ಟಣ್ಣೆನ್ನುವ ಸದ್ದು ಒಂದು ಕಡೆ ಮಂಕಾದರೆ ಅಲ್ಲಿ ಸಂಶಯ. ಸದ್ದು ಸರಿಯಿದ್ದ ಮಾತ್ರಕ್ಕೆ ಚೌಕಟ್ಟು ಸರಿಯಿದೆಯೆಂದು ಖಂಡಿತ ಹೇಳುವಂತಿಲ್ಲ. ಮನೆಯ ಹದಿಹರೆಯದ ಮಗನಿಗೋ ಮಗಳಿಗೋ ಕೊಳ್ಳುವುದಾದರೆ, ಅಂಥ ಹಳೆಯ ಕಾರ್ಬನ್ನಿಗಿಂತ ಹೊಸ ಅಲ್ಯೂಮಿನಿಯಂ ಎಷ್ಟೋ ಮೇಲು.

ಟೈಟೇನಿಯಮಿನ ವಿಷಯ ಒಂದೆರಡು ಮಾತಿನಲ್ಲಿ ಮುಗಿಯುತ್ತದೆ. ತುಕ್ಕಿಲ್ಲ, ಉಕ್ಕಿನ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ತೂಕ, ಬಣ್ಣವೂ ಬೇಡ. ಬಲ್ಲವರು ದೂರದ ಸವಾರಿಗೆ ಇದನ್ನೇ ಶ್ರೇಷ್ಠವೆನ್ನುತ್ತಾರೆ. ಬೆಲೆ ಕೇಳಿದ ಮೇಲೆ ಬೇರೆಯ ಮಾತು ಬೇಕಾಗುವುದಿಲ್ಲ.

ಎರೆಯ ಮೇಲಿನ ಡಾಂಬರು

ಇಷ್ಟೆಲ್ಲ ಆದ ಮೇಲೂ ಸವಾರನ ಬೆನ್ನಿಗೆ, ಅಂಗೈಗೆ ನೋವು ಬರುವುದು ಯಾವುದರಿಂದ ಎಂಬ ಪ್ರಶ್ನೆ ಉಳಿಯುತ್ತದೆ. ಅದಕ್ಕೆ ಉತ್ತರ ರಸ್ತೆಯಲ್ಲಿದೆ. ಎರೆಮಣ್ಣು ಮಳೆಯಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕೈ ತೂರುವಷ್ಟು ಬಿರಿಯುತ್ತದೆ. ಹೀಗೆ ವರ್ಷಕ್ಕೊಮ್ಮೆ ಉಸಿರಾಡುವ ನೆಲದ ಮೇಲೆ ಹಾಸಿದ ಡಾಂಬರು ಕ್ರಮೇಣ ಅಲೆಯಲೆಯಾಗುತ್ತದೆ, ಅಂಚು ಕುಸಿಯುತ್ತದೆ. ಮೇಲಿಂದ ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರು ಕಟ್ಟಿದ ಟ್ರ್ಯಾಕ್ಟರುಗಳು ಹಗಲಿರುಳು ಅದನ್ನು ಒತ್ತುತ್ತವೆ. ಸವಾರಿಗೆ ಹಿತವಾದ ಚಳಿಗಾಲವೇ ಕಬ್ಬಿನ ಹಂಗಾಮೂ ಆಗಿರುವುದು ಇಲ್ಲಿನ ವಿಹಾರಿಗಳ ದುರದೃಷ್ಟ.

ಇಂಥ ರಸ್ತೆಯಲ್ಲಿ ಉಕ್ಕು ಮೃದು, ಅಲ್ಯೂಮಿನಿಯಂ ಒರಟು ಎಂಬ ಮಾತನ್ನು ಹಳೆಯ ಸವಾರರು ಬಹಳ ಆಡುತ್ತಾರೆ. ಅದರಲ್ಲಿ ನಿಜಾಂಶ ಕಡಮೆ. ವಜ್ರಾಕೃತಿಯ ಚೌಕಟ್ಟು, ಯಾವುದರದೇ ಆಗಲಿ, ಮೇಲಿನಿಂದ ಕೆಳಕ್ಕೆ ಬಹಳ ಬಿಗಿ. ಗುಂಡಿಗೆ ಬಿದ್ದಾಗ ಅದು ಬಳುಕುವುದು ಹೆಚ್ಚೆಂದರೆ ಮಿಲಿಮೀಟರಿನ ಆಸುಪಾಸು. ಗಾಳಿ ತುಂಬಿದ ಟೈರು ಬಳುಕುವುದು ಅದರ ಹಲವು ಪಟ್ಟು. 25 ಮಿಲಿಮೀಟರ್ ಅಗಲದ, ಕಲ್ಲಿನಂತೆ ಗಾಳಿ ತುಂಬಿದ ಟೈರನ್ನು ತೆಗೆದು 35ರದನ್ನು ಹಾಕಿ, ಗಾಳಿಯನ್ನು ತಗ್ಗಿಸಿದರೆ ಆಗುವ ಸುಖ ಯಾವ ಚೌಕಟ್ಟನ್ನು ಬದಲಾಯಿಸಿದರೂ ಆಗುವುದಿಲ್ಲ. ಹಾಗೆ ಹಾಕಲು ಚೌಕಟ್ಟಿನಲ್ಲಿ ಜಾಗವಿರಬೇಕಷ್ಟೆ. ಪಂದ್ಯದ ಸೈಕಲ್ಲುಗಳಲ್ಲಿ ಎಷ್ಟೋ ಸಲ ಆ ಜಾಗವೇ ಇರುವುದಿಲ್ಲ. ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಎಷ್ಟು ಅಗಲದ ಟೈರು ಹಿಡಿಸುತ್ತದೆ? ಎರಡನೆಯದು: ಮಡ್‌ಗಾರ್ಡು, ಕ್ಯಾರಿಯರು, ಎರಡು ಮೂರು ನೀರಿನ ಬಾಟಲಿಗಳನ್ನು ಬಿಗಿಯಲು ರಂಧ್ರಗಳಿವೆಯೇ? ನಲವತ್ತು ಡಿಗ್ರಿ ತಲಪುವ ಏಪ್ರಿಲ್ ಬಿಸಿಲಿನಲ್ಲಿ ಬೀಳಗಿಯ ಬಯಲು ದಾಟುವವನಿಗೆ ಮೂರನೆಯ ಬಾಟಲಿ ಕಾರ್ಬನ್ನಿಗಿಂತ ಬೆಲೆಯುಳ್ಳದ್ದು.

ಅಳತೆಯ ಮಾತು ಎಲ್ಲಕ್ಕಿಂತ ಮುಖ್ಯ, ಆದರೆ ಅಂಗಡಿಯಲ್ಲಿ ಎಲ್ಲಕ್ಕಿಂತ ಅವಸರದಲ್ಲಿ ಮುಗಿಯುವುದೂ ಅದೇ. ದೊಡ್ಡ ಚೌಕಟ್ಟಿನ ಮೇಲೆ ಚಾಚಿ ಕುಳಿತವನ ಬೆನ್ನು ಮುಧೋಳ ಮುಟ್ಟುವ ಮೊದಲೇ, ಎಂದರೆ ಇಪ್ಪತ್ತು ಕಿಲೋಮೀಟರಿನಲ್ಲಿ, ದೂರು ಹೇಳತೊಡಗುತ್ತದೆ. ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಬಹುಕಾಲ ಅವರಿಗೆಂದು ಮೇಲಿನ ಕೊಳವೆಯಿಲ್ಲದ ಚೌಕಟ್ಟನ್ನು ಮಾಡುತ್ತಿದ್ದರು. ಸೀರೆಗೆ ಅದು ಅನುಕೂಲ. ಆದರೆ ತ್ರಿಕೋನ ಮುರಿದ ಚೌಕಟ್ಟು ತಿರುಚಿಕೊಳ್ಳುವುದರಿಂದ ಅದಕ್ಕೆ ದಪ್ಪ ಕೊಳವೆ ಬೇಕು, ತೂಕ ಹೆಚ್ಚು. ಈಗ ಸಲ್ವಾರು ತೊಟ್ಟು ದೂರ ಹೋಗುವ ತರುಣಿಗೆ ಪೂರ್ಣ ತ್ರಿಕೋನದ ಚಿಕ್ಕ ಅಳತೆಯ ಚೌಕಟ್ಟೇ ಯೋಗ್ಯ. “ಅಣ್ಣನ ಸೈಕಲ್ಲೇ ಸಾಕು ಬಿಡವ್ವಾ” ಎಂಬ ಮನೆಯವರ ಉಪದೇಶ ಇಲ್ಲಿ ನಡೆಯತಕ್ಕದ್ದಲ್ಲ. ಅಳತೆ ತಪ್ಪಿದ ಸೈಕಲ್ಲು ಹುಡುಗಿಯ ಉತ್ಸಾಹವನ್ನು ಎರಡು ವಾರದಲ್ಲಿ ಮುಗಿಸುತ್ತದೆ.

ಉಕ್ಕಿನ ವಿರುದ್ಧ ಹೇಳುವ ಇನ್ನೊಂದು ಮಾತು ತುಕ್ಕು. ಕರಾವಳಿಯ ಉಪ್ಪುಗಾಳಿಯಲ್ಲಿ ಆ ಆಕ್ಷೇಪಣೆಗೆ ತೂಕವಿದೆ. ಬಾಗಲಕೋಟೆ ಜಿಲ್ಲೆಯದು ಒಣಹವೆ. ವರ್ಷದ ಮಳೆ ಅರುವತ್ತು ಸೆಂಟಿಮೀಟರಿನ ಆಸುಪಾಸು. ಅಜ್ಜನ ಕಾಲದ ಸೈಕಲ್ಲುಗಳು ಇಂದಿಗೂ ಹೊಲದ ದಾರಿಯಲ್ಲಿ ಹುಲ್ಲಿನ ಹೊರೆ ಹೊತ್ತು ಸಾಗುತ್ತಿರುವುದು ಅದಕ್ಕೆ ಸಾಕ್ಷಿ. ಎಲ್ಲವನ್ನೂ ಕೂಡಿ ಕಳೆದರೆ, ಈ ನಾಲ್ಕು ಊರುಗಳ ಸುತ್ತಿನಲ್ಲಿ ವಾರಕ್ಕೊಮ್ಮೆ ದೂರ ಹೋಗುವ ಗೃಹಸ್ಥನಿಗೆ, ಅಗಲ ಟೈರಿಗೆ ಜಾಗವುಳ್ಳ ಕ್ರೋಮೋಲಿ ಚೌಕಟ್ಟು ಮೊದಲ ಪಂಕ್ತಿಗೆ ಬರುತ್ತದೆ. ಅದು ಸಣ್ಣ ಊರಿನ ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ, ತರಿಸಬೇಕಾಗುತ್ತದೆ. ಕಾಯುವ ತಾಳ್ಮೆಯಾಗಲಿ ಹಣವಾಗಲಿ ಇಲ್ಲದವರು ಅಷ್ಟೇ ಜಾಗವುಳ್ಳ ಅಲ್ಯೂಮಿನಿಯಮನ್ನು ಸಂಕೋಚವಿಲ್ಲದೆ ಕೊಳ್ಳಬಹುದು. ಕಾರ್ಬನ್ನನ್ನು ಪಂದ್ಯಕ್ಕೆ ಹೊರಟ ಮಕ್ಕಳಿಗೆ ಬಿಡುವುದು ಲೇಸು.

ಕೊಂಡ ಮೇಲೆ ಒಂದು ಕೆಲಸ ಬಾಕಿಯಿರುತ್ತದೆ. ಉಕ್ಕಿನ ಚೌಕಟ್ಟು ತುಕ್ಕು ಹಿಡಿಯುವುದು ಒಳಗಿನಿಂದ. ಸೀಟಿನ ಕಂಬದ ಬಳಿ ಇಳಿದ ನೀರು ಕೆಳಗೆ ಪೆಡಲಿನ ಗೂಡಿನಲ್ಲಿ ನಿಲ್ಲುತ್ತದೆ. ಮಳೆಗಾಲಕ್ಕೆ ಮುನ್ನ ಸೀಟನ್ನು ಕಳಚಿ, ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ ನೀರು ಬಸಿದು, ಒಣಗಿದ ಮೇಲೆ ಒಳಗೆ ನಾಲ್ಕು ಹನಿ ಎಣ್ಣೆ ಬಿಟ್ಟು ಎಲ್ಲ ಕಡೆಗೂ ಹರಿಯುವಂತೆ ಹೊರಳಿಸಬೇಕು. ಸೀಟಿನ ಕಂಬಕ್ಕೆ ಗ್ರೀಸು ಸವರಿ ಮತ್ತೆ ಕೂರಿಸಬೇಕು. ಕಂಬ ಅಲ್ಯೂಮಿನಿಯಮಿನದಾಗಿದ್ದರೆ ಇದನ್ನು ಮರೆಯಲೇಬಾರದು. ಎರಡು ಲೋಹಗಳು ಒಂದನ್ನೊಂದು ಕಚ್ಚಿಕೊಂಡರೆ ಬಿಡಿಸುವುದಕ್ಕೆ ಗರಗಸವೇ ಬೇಕಾದೀತು.